ಪಂಪ್‌ಹೌಸಿನ ಮೀಟರ್ ನೋಡುವವರು ಯಾರು?

(ತುಮಕೂರಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಅರ್ಧದಷ್ಟು ಜನ ಪಂಚಾಯಿತಿ ಸದಸ್ಯರು. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ಗೊತ್ತಿದ್ದವರು ಕೈ ಎತ್ತಿ. ಹೋದ ತಿಂಗಳು ನಿಮ್ಮ ಪಂಚಾಯಿತಿ ಎಷ್ಟು ಯೂನಿಟ್ ಕರೆಂಟ್ ಬಳಸಿತು? ರೂಪಾಯಿ ಬೇಡ, ಯೂನಿಟ್ ಹೇಳಿ.

ಮೂರು ಕೈ ಕಾಣಿಸುತ್ತಿವೆ. ನಾಚಿಕೆ ಪಡಬೇಕಾಗಿಲ್ಲ. ನಾನು ಗುಬ್ಬಿ ತಾಲ್ಲೂಕಿನ ಒಂದು ಪಂಚಾಯಿತಿಗೆ ಅಧ್ಯಕ್ಷೆ ಆದಾಗ ನನಗೂ ಗೊತ್ತಿರಲಿಲ್ಲ. ಮೊದಲ ಸಾಮಾನ್ಯ ಸಭೆಯಲ್ಲಿ ಕಾರ್ಯದರ್ಶಿ ಬಿಲ್ಲಿನ ಕಟ್ಟು ತಂದು ಮೇಜಿನ ಮೇಲೆ ಇಟ್ಟರು. ಒಂದೊಂದು ಕೊಳವೆಬಾವಿಗೆ ಒಂದೊಂದು ಬಿಲ್ಲು, ಬೀದಿ ದೀಪಕ್ಕೆ ಬೇರೆ, ಆಫೀಸಿಗೆ ಬೇರೆ. ಬಾಕಿ, ಬಡ್ಡಿ, ಮತ್ತೆ ಬಾಕಿ. ಎಲ್ಲರೂ ನೋಡಿದೆವು, "ಅನುದಾನ ಬಂದಾಗ ಕಟ್ಟೋಣ" ಅಂದೆವು, ಮುಂದಿನ ವಿಷಯಕ್ಕೆ ಹೋದೆವು. ಆ ಕಟ್ಟನ್ನು ನಾನು ಮನೆಗೆ ತಗೊಂಡು ಹೋಗಿ ಬಿಡಿಸಿ ನೋಡಿದ್ದು ನಾಲ್ಕು ತಿಂಗಳಾದ ಮೇಲೆ. ಆ ರಾತ್ರಿ ಲೆಕ್ಕ ಹಾಕುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಆಫೀಸಿನ ಫ್ಯಾನು, ಕಂಪ್ಯೂಟರ್ರು ಎಲ್ಲಾ ಲೆಕ್ಕಕ್ಕೇ ಇಲ್ಲ. ನಾವು ಕಟ್ಟುತ್ತಿದ್ದ ಕರೆಂಟ್ ಬಿಲ್ಲಿನಲ್ಲಿ ಬಹುಪಾಲು ನೀರಿನದ್ದು. ಅದರ ನಂತರ ಬೀದಿ ದೀಪ. ಅಷ್ಟೇ.

ಇವತ್ತಿನ ವಿಷಯ ಕಾರ್ಬನ್ ಅಂತ ಬ್ಯಾನರ್ ಮೇಲೆ ಬರೆದಿದ್ದಾರೆ. ಕಾರ್ಬನ್ ಅಂದ ಕೂಡಲೇ ಕಾರ್ಖಾನೆ ಹೊಗೆ, ದೆಹಲಿ, ವಿಮಾನ ಅಂತ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಊರಿಗೂ ಅದಕ್ಕೂ ಏನು ಸಂಬಂಧ ಅನಿಸುತ್ತದೆ. ಸಂಬಂಧ ಇರುವುದು ಆ ಬಿಲ್ಲಿನಲ್ಲಿ. ನಮ್ಮ ದೇಶದ ಕರೆಂಟ್ ಜಾಲದಲ್ಲಿ, ಅಂದರೆ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟ್ ತಯಾರಾಗಲು ಸರಾಸರಿ 700 ಗ್ರಾಂ ಆಸುಪಾಸು, ಭೂಮಿಯ ಬಿಸಿ ಹೆಚ್ಚಿಸುವ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗುಬ್ಬಿಯಲ್ಲಿ ಮೋಟಾರ್ ತಿರುಗಿದರೆ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕಲ್ಲಿದ್ದಲು ಉರಿಯುತ್ತದೆ. ಹೊಗೆ ನಮಗೆ ಕಾಣುವುದಿಲ್ಲ, ಮೀಟರ್ ಕಾಣುತ್ತದೆ. ಹಾಗಾಗಿ ನಾನು ಇವತ್ತು ಮಾತಾಡುವುದು ಮೀಟರ್ ಬಗ್ಗೆ, ಅದನ್ನು ನೋಡುವವರ ಬಗ್ಗೆ.

ನೀರಿಗೆ ಯಾಕೆ ಇಷ್ಟು ಕರೆಂಟ್ ಬೇಕು? ಇದನ್ನು ಲೆಕ್ಕ ಮಾಡಿಯೇ ತೋರಿಸಬೇಕು. ವಿದ್ಯಾರ್ಥಿಗಳು ಪೆನ್ನು ತೆಗೆಯಿರಿ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ತೂಕ. ಒಂದು ಟನ್ ಭಾರವನ್ನು ನೂರು ಮೀಟರ್ ಮೇಲೆತ್ತಲು ಏನೂ ನಷ್ಟ ಇಲ್ಲದೆ ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಆರುನೂರು ಅಡಿ ಅಂದರೆ ಸುಮಾರು 183 ಮೀಟರ್. ಅಲ್ಲಿಂದ ಎತ್ತಲು ಅರ್ಧ ಯೂನಿಟ್. ಆದರೆ ನಷ್ಟ ಇಲ್ಲದ ಪಂಪ್ ಎಲ್ಲಿದೆ? ಮೋಟಾರ್, ಪಂಪ್, ಪೈಪಿನ ಉಜ್ಜಾಟ ಎಲ್ಲಾ ಸೇರಿ ಹೆಚ್ಚೂಕಡಿಮೆ ನಲವತ್ತು ಪರ್ಸೆಂಟ್ ಮಾತ್ರ ಕೆಲಸಕ್ಕೆ ಬಂತು ಅಂದುಕೊಳ್ಳಿ. ಆಗ ಸಾವಿರ ಲೀಟರಿಗೆ ಒಂದೂಕಾಲು ಯೂನಿಟ್. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಸಾವಿರ ಜನ ಇರುವ ಊರಿಗೆ 55 ಸಾವಿರ ಲೀಟರ್, ಹತ್ತಿರ ಹತ್ತಿರ 70 ಯೂನಿಟ್. ಒಂದೇ ದಿನಕ್ಕೆ. ನಮ್ಮ ಸಾಧಾರಣ ಮನೆಯಲ್ಲಿ ಒಂದು ತಿಂಗಳಿಗೆ ಆಗುವಷ್ಟು ಅದು.

ಈಗ ಅದೇ ನೀರು ಮೂವತ್ತು ಅಡಿ ತೆರೆದ ಬಾವಿಯಲ್ಲಿ ಇದ್ದಿದ್ದರೆ? ಇಪ್ಪತ್ತರಲ್ಲಿ ಒಂದು ಪಾಲು ಕರೆಂಟ್ ಸಾಕಿತ್ತು. ನನ್ನ ಅಜ್ಜಿ ಕಾಲದಲ್ಲಿ ನಮ್ಮ ತೋಟದ ಬಾವಿಯಲ್ಲಿ ಬಗ್ಗಿ ಬಿಂದಿಗೆ ಅದ್ದಬಹುದಿತ್ತಂತೆ. ನಾನು ಮದುವೆಯಾಗಿ ಬಂದಾಗ ಹಗ್ಗ ಹಾಕಿ ಸೇದುತ್ತಿದ್ದೆವು. ಈಗ ಅದರ ತಳದಲ್ಲಿ ಲಂಟಾನ ಬೆಳೆದಿದೆ. ನೀರು ಇಳಿದ ಪ್ರತಿ ಅಡಿಗೂ ನಾವು ಕಲ್ಲಿದ್ದಲು ಸುಟ್ಟಿದ್ದೇವೆ. ಕೆರೆ ಹೂಳು ತೆಗೆಸಿದರೆ, ರಾಜಕಾಲುವೆ ಬಿಡಿಸಿದರೆ, ಚೆಕ್‌ಡ್ಯಾಂ ಕಟ್ಟಿದರೆ ಅದನ್ನು ನಾವು ಉದ್ಯೋಗ ಖಾತ್ರಿ ಕೆಲಸ ಅಂತ ಬರೆಯುತ್ತೇವೆ. ಅದು ಕರೆಂಟ್ ಉಳಿಸುವ ಕೆಲಸವೂ ಹೌದು. ಅಂತರ್ಜಲ ಐವತ್ತು ಅಡಿ ಮೇಲೆ ಬಂದರೆ ಊರಿನ ಎಲ್ಲಾ ಮೋಟಾರಿನ ಮೇಲೂ ಅಷ್ಟು ಭಾರ ಇಳಿಯಿತು ಅಂತ ಅರ್ಥ.

ಇಲ್ಲಿ ಒಂದು ಪಕ್ಕದ ಮಾತು ಹೇಳಬೇಕು. ನಮ್ಮ ರಾಜ್ಯದಲ್ಲಿ ದೊಡ್ಡ ಪ್ರಮಾಣದ ಕರೆಂಟ್ ಮೊದಲು ಹೋಗಿದ್ದು ಎಲ್ಲಿಗೆ ಗೊತ್ತಾ? ಬೆಂಗಳೂರಿಗಲ್ಲ, ಮೈಸೂರು ಅರಮನೆಗೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ ಲೈನುಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಭೂಮಿಯ ಆಳಕ್ಕೆ ಇಳಿದು ಏನನ್ನೋ ಮೇಲೆ ತರಲಿಕ್ಕೆ ಕರೆಂಟ್ ಬಂತು. ಗಣಿ 2001ರಲ್ಲಿ ಮುಚ್ಚಿತು. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಮಧುಗಿರಿ, ಪಾವಗಡ, ಶಿರಾ ಕಡೆ ನೋಡಿ, ಈಗಲೂ ಕರೆಂಟ್ ಅದೇ ಕೆಲಸ ಮಾಡುತ್ತಿದೆ. ಚಿನ್ನದ ಬದಲು ನೀರು, ಅಷ್ಟೇ ವ್ಯತ್ಯಾಸ. ಸಾವಿರ ಅಡಿ ಕೊರೆಸಿದೆವು ಅಂತ ಈಗ ಯಾರೂ ಆಶ್ಚರ್ಯ ಪಡುವುದಿಲ್ಲ.

ಸರಿ, ನಮ್ಮ ಊರಿಗೆ ಬರೋಣ. ಬಿಲ್ಲು ನೋಡಿದ ಮೇಲೆ ನಾನು ವಾಟರ್‌ಮ್ಯಾನ್ ಹತ್ತಿರ ಹೋದೆ. ನಮ್ಮ ಕಡೆ ಹಳಬರು ಈಗಲೂ ಅವರನ್ನು ನೀರುಗಂಟಿ ಅಂತಲೇ ಕರೆಯುತ್ತಾರೆ, ಕೆರೆ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದವರ ಹೆಸರು ಅದು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅಣ್ಣ ಅಂತಿದ್ದೆ. "ಅಣ್ಣಾ, ಮೋಟಾರ್ ದಿನಕ್ಕೆ ಎಷ್ಟು ಗಂಟೆ ಓಡುತ್ತೆ?" ಅಂದೆ. "ಕರೆಂಟ್ ಇದ್ದಷ್ಟು ಹೊತ್ತು ಓಡುತ್ತಮ್ಮ" ಅಂದರು. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ಅನ್ನುವ ಭಯ. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಓಡುವ ಹಾಗೆ ಆಟೋ ಸ್ಟಾರ್ಟರ್ ಹಾಕಿ ಬಿಟ್ಟಿದ್ದರು. ಟ್ಯಾಂಕ್ ತುಂಬಿ ಚೆಲ್ಲಿದರೂ ಓಡುತ್ತದೆ. ಟ್ಯಾಂಕಿನ ಕೆಳಗೆ ಹಸಿರು ಹುಲ್ಲು ಬೆಳೆದು ದನ ಮೇಯುತ್ತಿದ್ದವು. ಬೇಸಿಗೆಯಲ್ಲೂ ಹಸಿರು. ಅದನ್ನು ನಾನು ವರ್ಷಗಟ್ಟಲೆ ನೋಡಿದ್ದೆ, ಆದರೆ ಅದು ಕರೆಂಟ್ ಅಂತ ನನಗೆ ಹೊಳೆದಿರಲಿಲ್ಲ.

ಒಂದು ಕೆಲಸ ಮಾಡಿದೆವು. ದುಡ್ಡು ಖರ್ಚಿಲ್ಲದ್ದು, ನೀವೂ ಮಾಡಬಹುದು. ರಾತ್ರಿ ಹತ್ತಕ್ಕೆ ಮೋಟಾರ್ ಬಂದ್ ಮಾಡಿದೆವು. ಊರಿಗೆ ಬಿಡುವ ವಾಲ್ವ್‌ಗಳನ್ನೂ ತಿರುಗಿಸಿ ಬಂದ್ ಮಾಡಿದೆವು. ಅಣ್ಣ ಏಣಿ ಹತ್ತಿ ಟ್ಯಾಂಕಿನೊಳಗೆ ಉದ್ದ ಕೋಲು ಇಳಿಸಿ, ನೀರು ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಬೆಳಿಗ್ಗೆ ಐದಕ್ಕೆ ಮತ್ತೆ ಹತ್ತಿದರು. ಯಾರೂ ಒಂದು ಬಿಂದಿಗೆ ಹಿಡಿದಿಲ್ಲ, ಆದರೂ ಒಂದು ಅಡಿ ಇಳಿದಿತ್ತು. 50 ಸಾವಿರ ಲೀಟರಿನ ಟ್ಯಾಂಕು, ಹತ್ತು ಅಡಿ ಎತ್ತರ. ಒಂದು ಅಡಿ ಅಂದರೆ 5 ಸಾವಿರ ಲೀಟರ್. ಒಂದು ರಾತ್ರಿಗೆ.

ಎಲ್ಲಿ ಹೋಯಿತು ಅಂತ ಹುಡುಕಿದೆವು. ಟ್ಯಾಂಕಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ವಾಲ್ವ್ ಗುಂಡಿಯ ಚಪ್ಪಡಿ ಎತ್ತಿದರೆ ಕೆಸರು. ಕೈ ಹಾಕಿ ಕೆಸರು ಬಾಚಿದಾಗ ವಾಲ್ವಿನ ಕತ್ತಿನ ಹತ್ತಿರ ನೀರು ಬೆರಳು ದಪ್ಪ ಚಿಮ್ಮುತ್ತಿತ್ತು. ಒಳಗಿನ ವಾಷರ್ ತಿಂದು ಹೋಗಿತ್ತು. ಅದಕ್ಕೆ ಯಾರೋ ಸೈಕಲ್ ಟ್ಯೂಬ್ ಸುತ್ತಿದ್ದರು, ಅದೂ ಕೊಳೆತು ಹೋಗಿತ್ತು. ಹೊಸ ವಾಷರ್ ಹಾಕಿ ಬಿಗಿ ಮಾಡಲು ಅರ್ಧ ದಿನ ಹಿಡಿಯಿತು. ಈಗ ಲೆಕ್ಕ ಮಾಡಿ. ದಿನಕ್ಕೆ 5 ಸಾವಿರ ಲೀಟರ್ ಅಂದರೆ ಆರು ಯೂನಿಟ್‌ಗೂ ಜಾಸ್ತಿ. ವರ್ಷಕ್ಕೆ ಎರಡು ಸಾವಿರದ ಮುನ್ನೂರರ ಹತ್ತಿರ. ಕಾರ್ಬನ್ ಲೆಕ್ಕದಲ್ಲಿ ಒಂದೂವರೆ ಟನ್ ಮೇಲೆ. ಒಂದು ವಾಷರ್! ಅದೂ ನಾವು ರಾತ್ರಿ ಹೊತ್ತಿನ ಸೋರಿಕೆ ಮಾತ್ರ ಅಳೆದಿದ್ದು, ಹಗಲಿನದ್ದು ಇದರ ಮೇಲೆ.

ಆವತ್ತು ಅಣ್ಣ ಒಂದು ಮಾತು ಹೇಳಿದರು, ನನಗೆ ಅದು ಇನ್ನೂ ಚುಚ್ಚುತ್ತದೆ. "ನೀರು ಬರಲಿಲ್ಲ ಅಂದ್ರೆ ಎಲ್ಲಾ ಬಂದು ಬೈತಾರೆ ಕಣಮ್ಮ. ಸುಮ್ನೆ ಹರಿದು ಹೋಯ್ತು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ." ಕೇಳಬೇಕಾಗಿದ್ದವರು ನಾವು.

ಮೋಟಾರಿನ ವಿಷಯವೂ ಇದೇ. ಬೇಸಿಗೆ ಬಂದರೆ ಮೋಟಾರ್ ಸುಡುತ್ತದೆ, ರಿವೈಂಡಿಂಗ್‌ಗೆ ಕಳಿಸುತ್ತೇವೆ. ಆತುರದಲ್ಲಿ ಕಳಪೆಯಾಗಿ ಸುತ್ತಿಸಿದ ಮೋಟಾರ್ ಅಷ್ಟೇ ನೀರಿಗೆ ಜಾಸ್ತಿ ಕರೆಂಟ್ ಎಳೆಯುತ್ತದೆ. ಕೆಪಾಸಿಟರ್ ಹೋಗಿದ್ದರೂ ಹಾಗೇ ಓಡಿಸುತ್ತೇವೆ. ನಮ್ಮಲ್ಲಿ ಒಬ್ಬ ಗುತ್ತಿಗೆದಾರ, ನೀರು ಇರುವ ಆಳ ಅಳೆಯದೆ, ಬೋರ್ ಎಷ್ಟು ಅಡಿ ಕೊರೆದಿದ್ದಾರೋ ಅಷ್ಟಕ್ಕೆ ಬೇಕಾದ ದೊಡ್ಡ ಪಂಪ್ ಇಳಿಸಿ ಹೋಗಿದ್ದ. ಅರ್ಧ ಗಂಟೆಗೆ ನೀರು ಬತ್ತಿ ಗಾಳಿ ಎಳೆಯುತ್ತಿತ್ತು. ಹೊಸ ಪಂಪ್ ತರುವಾಗ ನೀರಿನ ಮಟ್ಟ, ಇಳುವರಿ ಎರಡನ್ನೂ ಅಳೆಸಿ, ಕರೆಂಟ್ ಉಳಿತಾಯದ ಸ್ಟಾರ್ ಗುರುತು ಇರುವುದನ್ನು ತನ್ನಿ ಅಂತ ಟೆಂಡರಿನಲ್ಲೇ ಬರೆಸಿ. ಖರೀದಿ ಬೆಲೆ ಸ್ವಲ್ಪ ಜಾಸ್ತಿ ಇರಬಹುದು. ಮೇಲಿನ ಲೆಕ್ಕ ನೋಡಿದವರಿಗೆ ಅದು ಎಲ್ಲಿ ವಾಪಸ್ ಬರುತ್ತದೆ ಅಂತ ಗೊತ್ತಾಗುತ್ತದೆ.

ಬೀದಿ ದೀಪಕ್ಕೆ ಬರುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಉರಿಯುವ ಬೀದಿ ದೀಪ ನೋಡದವರು ಯಾರಾದರೂ ಇದ್ದೀರಾ? ತುಂಬಾ ಊರುಗಳಲ್ಲಿ ಅದಕ್ಕೆ ಕಾರಣ ಸೋಮಾರಿತನ ಅಲ್ಲ. ಕಂಬದಿಂದ ಕಂಬಕ್ಕೆ ಬೀದಿ ದೀಪಕ್ಕೆ ಅಂತ ಬೇರೆ ತಂತಿ ಇರುವುದಿಲ್ಲ. ಮನೆ ಲೈನಿಗೇ ನೇರವಾಗಿ ಕೊಟ್ಟಿರುತ್ತಾರೆ. ಸ್ವಿಚ್ಚೇ ಇಲ್ಲದ ಮೇಲೆ ಆರಿಸುವುದು ಹೇಗೆ?

ನೂರು ಕಂಬ ಅಂದುಕೊಳ್ಳಿ. ಹಳೇ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 50 ವ್ಯಾಟ್. ಇಪ್ಪತ್ನಾಲ್ಕು ಗಂಟೆ ಉರಿದರೆ ದಿನಕ್ಕೆ 120 ಯೂನಿಟ್. ರಾತ್ರಿ ಮಾತ್ರ ಉರಿದರೆ 60. ಅದನ್ನೆಲ್ಲ ಕಿತ್ತು 20 ವ್ಯಾಟಿನ ಎಲ್‌ಇಡಿ ಹಾಕಿ, ಆದರೆ ಹಗಲೂ ಉರಿಯಲು ಬಿಟ್ಟರೆ 48. ಎಲ್‌ಇಡಿ ಹಾಕಿ ರಾತ್ರಿ ಮಾತ್ರ ಉರಿಸಿದರೆ 24. ಈ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಬಲ್ಬ್ ಬದಲಿಸಿದ್ದೇವೆ, ಕೆಲಸ ಮುಗಿಯಿತು ಅನ್ನುವವರಿಗೆ ತೋರಿಸಲು ಬೇಕಾಗುತ್ತದೆ. ಹಳೇ ಟ್ಯೂಬ್‌ಗೆ ಬರೀ ಒಂದು ಸ್ವಿಚ್ ಹಾಕಿದ್ದರೂ ಅರ್ಧ ಉಳಿಯುತ್ತಿತ್ತು.

ನಾವು ಮೊದಲು ನಾಲ್ಕು ಬೀದಿಗೆ ಬೇರೆ ತಂತಿ ಎಳೆಸಿದೆವು. ಟೈಮರ್ ಪೆಟ್ಟಿಗೆಗೆ ದುಡ್ಡು ಸಾಲಲಿಲ್ಲ. ಮೂಲೆಯಲ್ಲಿ ಚಿಲ್ಲರೆ ಅಂಗಡಿ ಇಟ್ಟಿದ್ದ ಒಬ್ಬ ಅಜ್ಜಿ ಬೆಳಗಿನ ಜಾವ ಹಾಲಿನ ಕ್ರೇಟ್ ಇಳಿಸಿಕೊಳ್ಳಲು ಬಾಗಿಲು ತೆಗೆಯುತ್ತಿದ್ದರು. ಸ್ವಿಚ್ ಅವರ ಅಂಗಡಿ ಗೋಡೆಗೆ ಕೂರಿಸಿದೆವು. ಬೆಳಕು ಹರಿದ ಕೂಡಲೇ ಆರಿಸುವುದು, ದೀಪ ಹಚ್ಚುವ ಹೊತ್ತಿಗೆ ಹಾಕುವುದು. ನಾನು ಅಧ್ಯಕ್ಷೆ ಆಗಿದ್ದಷ್ಟು ದಿನ ಆ ನಾಲ್ಕು ಬೀದಿಯಲ್ಲಿ ಹಗಲು ದೀಪ ಉರಿದಿದ್ದನ್ನು ನಾನು ನೋಡಲಿಲ್ಲ. ಅವರು ಊರಿಗೆ ಹೋದಾಗ ಮೊಮ್ಮಗಳಿಗೆ ಹೇಳಿ ಹೋಗುತ್ತಿದ್ದರು.

ಯಾರು ನೋಡಿಕೊಳ್ಳುತ್ತಾರೆ ಅನ್ನುವುದೇ ಮುಖ್ಯ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಪಾಠ ಇದೆ, ಈ ತಲೆಮಾರಿನವರಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ಕೇಂದ್ರ ಶುರುವಾಯಿತು. ಅಮೂಲ್ಯ ರೆಡ್ಡಿಯವರು ಅದರ ಹಿಂದಿದ್ದವರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹಳ್ಳಿಯಲ್ಲೇ ಕಲಿಯಬೇಕು ಅಂತ ಅವರು ಬಂದು ಕೂತಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಸ್ತ್ರ ಒಲೆ ಅಂತ ಕೇಳಿದ್ದೀರಲ್ಲ, ಹೊಗೆ ಕೊಳವೆ ಇರುವ ಮೂರು ಪಾತ್ರೆಯ ಒಲೆ, ಅದು ಅವರದ್ದೇ. ನಮ್ಮ ತವರಲ್ಲಿ ಒಂದು ಇತ್ತು. ಅಮ್ಮ ಅದನ್ನು ವಾರಕ್ಕೊಮ್ಮೆ ಸಗಣಿ ಹಾಕಿ ಸಾರಿಸುತ್ತಿದ್ದರು. ಮಸಿ ಹಿಡಿದಿದ್ದ ಅಡುಗೆ ಮನೆ ಗೋಡೆಗೆ ಸುಣ್ಣ ಬಳಿದರೆ ಸುಣ್ಣ ಬೆಳ್ಳಗೇ ಉಳಿಯಿತು ಅಂತ ಅಮ್ಮ ಎಲ್ಲರಿಗೂ ಹೇಳುತ್ತಿದ್ದರು.

ಕುಣಿಗಲ್ ತಾಲ್ಲೂಕಿನಲ್ಲೇ ಪುರ ಅಂತ ಒಂದು ಸಣ್ಣ ಊರು. ಅಲ್ಲಿ ಮೊದಲು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಕಟ್ಟಿ, ಮನೆ ಮನೆಗೆ ಅಡುಗೆ ಗ್ಯಾಸ್ ಕೊಡೋಣ ಅಂತ ಹೊರಟರು. ನಡೆಯಲಿಲ್ಲ. ಇರುವ ಸಗಣಿಯಲ್ಲಿ ಎಲ್ಲರ ಅಡುಗೆಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಆಮೇಲೆ ಊರವರನ್ನು ಕೂರಿಸಿ ಮಾತಾಡಿದಾಗ ಜನಕ್ಕೆ, ಅದರಲ್ಲೂ ಹೆಂಗಸರಿಗೆ, ಬೇಕಾಗಿದ್ದದ್ದು ನೀರು ಅಂತ ಗೊತ್ತಾಯಿತು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ಮಾಡಿ, ಕೊಳವೆಬಾವಿ ನೀರನ್ನು ಟ್ಯಾಂಕಿಗೆ ಏರಿಸಿ ನಲ್ಲಿಗೆ ಬಿಟ್ಟರು. ಸಂಜೆ ಮನೆಗಳಿಗೆ ದೀಪ. ಜನ ಬೆಳಿಗ್ಗೆ ಸಗಣಿ ತಂದು ತೂಕ ಹಾಕುತ್ತಿದ್ದರು, ಕೆಜಿಗೆ ಎರಡು ಪೈಸೆ ಕೂಲಿ, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ಅವರಿಗೇ ವಾಪಸ್. ಓಡಿಸುತ್ತಿದ್ದವರು ಊರಿನ ಹುಡುಗರೇ. ಯಾರಾದರೂ ಸಗಣಿ ತರದಿದ್ದರೆ, ಯಾರಾದರೂ ನಲ್ಲಿ ತೆರೆದು ಬಿಟ್ಟರೆ ಇಡೀ ಊರಿಗೆ ತಿಳಿಯುತ್ತಿತ್ತು, ಯಾಕೆಂದರೆ ಸಂಜೆ ಎಲ್ಲರ ಮನೆಯಲ್ಲೂ ದೀಪ ಕಮ್ಮಿ ಆಗುತ್ತಿತ್ತು. ಕರೆಂಟ್ ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ ಅಂತ ಪ್ರತಿಯೊಬ್ಬರಿಗೂ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಪಂಪ್‌ಹೌಸಿನಲ್ಲಿ ಇಲ್ಲದ್ದು ಅದೇ.

ಆಮೇಲೆ ನಮ್ಮ ಜಿಲ್ಲೆಯ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್‌ನ ಸ್ಥಾವರ ಬಂತು. ಸೌದೆಯಿಂದ ಅನಿಲ ಮಾಡಿ, ಅದರಿಂದ ಕರೆಂಟ್ ತೆಗೆದು ಬೆಸ್ಕಾಂ ಗ್ರಿಡ್ಡಿಗೆ ಕೊಟ್ಟರು. ಅಲ್ಲಿ ಕಷ್ಟ ಬೇರೆ. ವರ್ಷ ಪೂರ್ತಿ ಸೌದೆ ಒದಗಿಸಬೇಕು, ಒಣಗಿಸಬೇಕು, ಕತ್ತರಿಸಬೇಕು, ಎಂಜಿನ್ ಉಸ್ತುವಾರಿ ಆಗಬೇಕು. ಬಾಗೇಪಲ್ಲಿ ಕಡೆ ಮನೆಗೊಂದು ಗೋಬರ್ ಗ್ಯಾಸ್ ಅಂತ 5,500 ಮನೆಗಳ ಯೋಜನೆ 2005ರಲ್ಲಿ ಕ್ಯೋಟೋ ಅನ್ನುವ ಅಂತರರಾಷ್ಟ್ರೀಯ ಹವಾಮಾನ ಒಪ್ಪಂದದ ಕಾರ್ಬನ್ ಲೆಕ್ಕಕ್ಕೇ ನೋಂದಣಿ ಆಯಿತು. ಅಂದರೆ ಈ ಮಾತೆಲ್ಲ ನಮ್ಮ ಕಡೆಗೆ ಹೊಸದಲ್ಲ. ಕೇರಳದ ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲಿ ಕಾರ್ಬನ್ ಸಮತೋಲನ ಮಾಡುತ್ತೇವೆ, ಅಂದರೆ ಗಾಳಿಗೆ ಬಿಟ್ಟಷ್ಟು ಕಾರ್ಬನ್ ವಾಪಸ್ ಹೀರಿಕೊಳ್ಳುವ ಹಾಗೆ ಮಾಡುತ್ತೇವೆ ಅಂತ ಹೊರಟಾಗ ಎಲ್ಲರೂ ಅಲ್ಲಿಗೆ ಹೋಗಿ ನೋಡಿ ಬಂದರು. ನೋಡಬೇಕು, ಒಳ್ಳೆಯ ಕೆಲಸ. ಕುಣಿಗಲ್ಲಿಗೂ ಹೋಗಿ ಅಂತ ನನ್ನ ಮಾತು.

ಪಾವಗಡದ ಸೌರ ವಿದ್ಯುತ್ ಪಾರ್ಕ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. 13 ಸಾವಿರ ಎಕರೆ, 2,050 ಮೆಗಾವ್ಯಾಟ್, ತಿರುಮಣಿ ಸುತ್ತಿನ ಐದು ಊರು. ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ತಗೊಂಡರು. ಮಳೆ ಇಲ್ಲದ ಊರಿನ ಜಮೀನಿದ್ದವರಿಗೆ ಅದು ಆಸರೆ ಆಯಿತು. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನಾಯಿತು ಅನ್ನುವುದನ್ನು ನಾವು ಇನ್ನೂ ಸರಿಯಾಗಿ ಕೇಳಿಲ್ಲ, ಕೇಳಬೇಕು. ಇವತ್ತಿಗೆ ನಾನು ಹೇಳಲು ಬಂದದ್ದು ಬೇರೆ. ಅಲ್ಲಿನ ಕರೆಂಟ್ ಹಗಲು ಹೊತ್ತಿನದ್ದು. ಬಿಸಿಲು ಇಳಿದ ಮೇಲೆ, ಸಂಜೆ ಆರರಿಂದ ಹತ್ತರವರೆಗೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಓಡುವಾಗ ಕಲ್ಲಿದ್ದಲಿನ ಮೇಲೆ ಭಾರ ಬೀಳುತ್ತದೆ. ನಾವು ಟ್ಯಾಂಕ್ ತುಂಬಿಸುವುದು ಯಾವಾಗ? ಬಹಳ ಕಡೆ ಅದೇ ಸಂಜೆಗೆ, ಇಲ್ಲಾ ಬೆಳಗಿನ ಜಾವಕ್ಕೆ. ಊರಿನ ಓವರ್‌ಹೆಡ್ ಟ್ಯಾಂಕ್ ಒಂದು ಬ್ಯಾಟರಿ ಇದ್ದ ಹಾಗೆ. ಹತ್ತರಿಂದ ಮೂರು ಗಂಟೆ ಒಳಗೆ, ಬಿಸಿಲಿನ ಕರೆಂಟ್ ಇರುವಾಗ ತುಂಬಿಸಿಟ್ಟರೆ ಸಂಜೆ ನೀರು ತಾನೇ ಇಳಿದು ಬರುತ್ತದೆ. ಇದಕ್ಕೆ ಪಂಪ್‌ಹೌಸಿಗೆ ಹಗಲು ತ್ರೀ ಫೇಸ್ ಕೊಡಿ ಅಂತ ಪಂಚಾಯಿತಿ ಠರಾವು ಮಾಡಿ ಕರೆಂಟ್ ಆಫೀಸಿಗೆ ಕೊಡಬೇಕು, ಬೆನ್ನು ಹತ್ತಬೇಕು. ಪಂಪ್‌ಹೌಸಿನ ಪಕ್ಕ ಜಾಗ ಇದ್ದರೆ ಅಲ್ಲೇ ನಾಲ್ಕು ಸೌರ ಫಲಕ ಹಾಕಿಸಬಹುದು. ಮನೆಗೆ ಹಾಕಿಸುವವರಿಗೆ 2024ರಿಂದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ಸಹಾಯಧನ ಇದೆ. ಆದರೆ ಸೋರುವ ವಾಲ್ವ್ ಇಟ್ಟುಕೊಂಡು ಸೌರ ಫಲಕ ಹಾಕಿಸಬೇಡಿ. ಮೊದಲು ವಾಷರ್.

"ಇದೆಲ್ಲ ಪಂಚಾಯಿತಿ ಕೆಲಸವಾ?" ಅಂತ ನನ್ನನ್ನು ಸಭೆಯಲ್ಲೇ ಕೇಳಿದ್ದರು. ಸಂವಿಧಾನದ 11ನೇ ಪರಿಚ್ಛೇದದಲ್ಲಿ ಪಂಚಾಯಿತಿಗೆ ಕೊಡಬಹುದಾದ 29 ವಿಷಯ ಇವೆ. ಕುಡಿಯುವ ನೀರು ಇದೆ, ಇಂಧನ ಮೇವು ಇದೆ, ಗ್ರಾಮೀಣ ವಿದ್ಯುದೀಕರಣ ಇದೆ, ಅಸಾಂಪ್ರದಾಯಿಕ ಇಂಧನ ಅಂತ ಬಿಡಿಸಿಯೇ ಬರೆದಿದ್ದಾರೆ. ನಗರಸಭೆ, ಪಾಲಿಕೆಗೆ 12ನೇ ಪರಿಚ್ಛೇದದಲ್ಲಿ 18 ವಿಷಯ, ಅದರಲ್ಲಿ ಬೀದಿ ದೀಪವೂ ಇದೆ, ಪರಿಸರವೂ ಇದೆ. ತುಮಕೂರಿನ ಲೆಕ್ಕವೂ ಹೀಗೇ. ಹೇಮಾವತಿ ನೀರು ಗೊರೂರಿನಿಂದ ನಾಲೆಯಲ್ಲಿ ಬುಗುಡನಹಳ್ಳಿ ಕೆರೆವರೆಗೆ ಬರುತ್ತದೆ. ಅಲ್ಲಿಂದ ಊರಿನ ಟ್ಯಾಂಕುಗಳಿಗೆ ಏರಿಸಲು ಮೋಟಾರ್ ಬೇಕು. ನಗರದೊಳಗೆ ಪೈಪ್ ಒಡೆದು ರಸ್ತೆ ಮೇಲೆ ನೀರು ಹರಿದರೆ, ಅದು ಒಂದು ಸಲ ಕರೆಂಟ್ ತಿಂದು ಬಂದ ನೀರು ಅಂತ ನೆನಪಿಡಿ. ಕಸದ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ಒಂದೇ ಮಾತು, ಹಸಿ ಕಸ ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಬರುತ್ತದೆ, ಅದು ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ತಿಪ್ಪೆ ಗುಂಡಿಯಲ್ಲಿ ಗೊಬ್ಬರ ಮಾಡುವುದು ಗೊತ್ತಿರುವ ಜನ ನಾವು.

ಕೊನೆಗೆ ನಮ್ಮ ಪಂಪ್‌ಹೌಸಿಗೆ ಒಂದು ನೂರು ಪುಟದ ನೋಟ್‌ಬುಕ್ ತಂದೆವು. ಬಾಗಿಲ ಹಿಂದೆ ಮೊಳೆ ಹೊಡೆದು ದಾರದಲ್ಲಿ ನೇತು ಹಾಕಿದೆವು, ಪೆನ್ನನ್ನೂ ಅದಕ್ಕೇ ಕಟ್ಟಿದೆವು. ನಾಲ್ಕೇ ಕಾಲಂ. ತಾರೀಖು, ಬೆಳಿಗ್ಗೆ ಏಳಕ್ಕೆ ಮೀಟರಿನ ಸಂಖ್ಯೆ, ಮೋಟಾರ್ ಓಡಿದ ಗಂಟೆ, ಟ್ಯಾಂಕ್ ಎಷ್ಟು ಅಡಿ. ಅಣ್ಣನಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಮೊದಲ ತಿಂಗಳು ಮಧ್ಯೆ ಮಧ್ಯೆ ಖಾಲಿ ಬಿಟ್ಟಿದ್ದರು. ಎರಡನೇ ತಿಂಗಳು ಒಂದು ದಿನ ಬೆಳಿಗ್ಗೆ ಫೋನ್ ಮಾಡಿ, "ಅಮ್ಮಾ, ದಿನಾ ಎಪ್ಪತ್ತು ಬರ್ತಿತ್ತು, ಇವತ್ತು ತೊಂಬತ್ತು ತೋರಿಸ್ತಿದೆ, ಎಲ್ಲೋ ಒಡೆದಿದೆ, ಹುಡುಕೋಕೆ ಹೋಗ್ತಿದ್ದೀನಿ" ಅಂದರು. ಹತ್ತು ಗಂಟೆಗೆ ಸಿಕ್ಕಿತು, ಶಾಲೆ ಹಿಂದೆ, ಜೆಸಿಬಿಯವರು ಹಿಂದಿನ ದಿನ ಚರಂಡಿ ತೋಡುವಾಗ ಪೈಪಿಗೆ ಏಟು ಬಿದ್ದಿತ್ತು.